ಸತ್ತದ್ದು ಯಾರು, ಯಾವುದು?

ಕಳೆದ ತಿಂಗಳ ಒಂದು ಗುರುವಾರ ಬೆಳಗ್ಗೆ ಗಾಳಿಬೀಡಿನ ಆಚೆಯ ಒಂದು ಊರಿನಲ್ಲಿ, ಒಂದರ ಬೆನ್ನಿಗೆ ಒಂದು, ಎರಡು ಗುಂಡು ಹಾರಿತು. ಗಂಟೆಯೊಳಗೆ ಆ ಮನೆಯ ಅಂಗಳದಲ್ಲಿ ಬಿಳಿ ಬಟ್ಟೆ ಉಟ್ಟ ಮೂವತ್ತು ಮಂದಿ ನಿಂತಿದ್ದರು. ಹೆಂಗಸರು ದಾರಿಯಿಂದಲೇ ಅಳುತ್ತಾ ಬಂದಿದ್ದರು. ಒಳಗೆ ಹೋಗಿ ನೋಡಿದರೆ ಮನೆಯ ಯಜಮಾನ, ಯಜಮಾನಿ ಇಬ್ಬರೂ ಗಟ್ಟಿಮುಟ್ಟಾಗಿ ಎದುರಿಗೇ ಇದ್ದಾರೆ. ಯಾರೂ ಸತ್ತಿರಲಿಲ್ಲ. ಸತ್ತದ್ದು ಒಂದು ಎತ್ತು.

(ಈ ಕೊನೆಯ ಎರಡು ವಾಕ್ಯಗಳನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಇವತ್ತಿನ ಅಂಕಣವೆಲ್ಲ ಆ ‘ಯಾರೂ’ ಎಂಬ ಪದದ ಸುತ್ತಲೇ.)

ಬೆಟ್ಟದ ಕೆಳಗಿನ ಓದುಗರಿಗೆ ಒಂದು ಮಾತು. ಕೊಡಗಿನಲ್ಲಿ ಕೋವಿ ಬರೀ ಬೇಟೆಯ ಸಾಮಾನಲ್ಲ, ಅದು ಮನೆಯ ನಾಲಿಗೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಎರಡು. ಆನೆ ಓಡಿಸಲು ಪಟಾಕಿ ಇದೆ, ಹಂದಿ ಓಡಿಸಲು ಡಬ್ಬ ಇದೆ. ಬೆನ್ನಿಗೆ ಬೆನ್ನಿಗೆ ಎರಡು ಗುಂಡು ಕೇಳಿದರೆ ಮಾತ್ರ ಜನ ಮಾಡುತ್ತಿದ್ದ ಕೆಲಸ ಬಿಟ್ಟು, ಬಟ್ಟೆ ಬದಲಿಸಿ, ಸದ್ದು ಬಂದ ದಿಕ್ಕಿಗೆ ನಡೆಯುತ್ತಾರೆ. ಯಾರು ಎಂದು ಫೋನ್ ಮಾಡಿ ಕೇಳುವ ಪದ್ಧತಿ ಇಲ್ಲ. (ಕೇಳೋಣವೆಂದರೂ ಅಲ್ಲಿ ಟವರ್ ಸಿಗುವುದಿಲ್ಲ.)

ಇದರಲ್ಲಿ ನನ್ನ ಪಾತ್ರ ಎಲ್ಲಿಂದ ಬಂತು? ಆ ಎತ್ತನ್ನು ಆ ಮನೆಗೆ ಮಾರಿಸಿದವನು ನಾನು.

ನಿಮಗೆ ಗೊತ್ತಿರುವ ಹಾಗೆ ನಾನೀಗ ಕುಶಾಲನಗರದಲ್ಲಿ ಹಳೇ ಜೀಪು, ಹಳೇ ಪವರ್ ಟಿಲ್ಲರ್ ಕೊಡಿಸುವವನು. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ದನದ ದಲ್ಲಾಳಿ. ಹಾಸನದ ಕಡೆಯಿಂದ ಬಂದ ನಮ್ಮಪ್ಪನಿಗೆ ಇದ್ದದ್ದು ಎರಡು ಕೈ, ಒಂದು ಟವೆಲ್. ಆ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ರೇಟು ಮಾತಾಡುವುದನ್ನು ಕಲಿತು ಮೇಲೆ ಬಂದವನು ನಾನು. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದೆ. ಸುಳಿ ನೋಡುತ್ತಿದ್ದೆ, ಗೊರಸು ತಟ್ಟುತ್ತಿದ್ದೆ, ನಡೆಸಿ ಕುಂಟು ಇದೆಯೋ ನೋಡುತ್ತಿದ್ದೆ. ಒಳಗೆ ಆತ್ಮ ಇದೆಯೋ ಎಂದು ಒಬ್ಬ ಗಿರಾಕಿಯೂ ಕೇಳಲಿಲ್ಲ. ಕೇಳದಿದ್ದನ್ನು ಹೇಳಬೇಡಿ ಎಂಬುದು ವ್ಯಾಪಾರದ ಮೊದಲ ಪಾಠ. (ನೀವೂ ಕಲಿಯಿರಿ, ಉಪಯೋಗಕ್ಕೆ ಬರುತ್ತದೆ.)

ಎತ್ತಿನ ಯಜಮಾನರ ಹೆಸರು ಕುಶಾಲಪ್ಪ ಎಂದಿಟ್ಟುಕೊಳ್ಳಿ. ಅರೆಭಾಷೆಯ ಗೌಡರು, ಅರವತ್ತೈದರ ಆಸುಪಾಸು, ಮೂರು ಎಕರೆ ಕಾಫಿ, ಕೆಳಗೆ ಒಂದಿಷ್ಟು ಗದ್ದೆ. ಗುಂಡು ಹಾರಿದ ಎರಡು ವಾರಕ್ಕೆ, ಟವರ್ ಸಿಗುವ ರಸ್ತೆಯ ತಿರುವಿನಿಂದ ಅವರ ಫೋನ್ ಬಂತು.

“ಭಾನುವಾರ ದೇವಸ್ಥಾನದಲ್ಲಿ ಊರು ಸೇರ್ತಾ ಉಟ್ಟು. ನೀವು ಬರೆಕು.”

“ನಾನ್ಯಾಕೆ ಕುಶಾಲಪ್ಪಣ್ಣ?”

“ಬೊಳ್ಳನ್ನ ಕೊಡ್ಸಿದ್ದು ನೀವು. ಅವ ಎಂಥದ್ದು ಅಂತ ನೀವೇ ಹೇಳಿ.”

ಬೊಳ್ಳ ಎಂದರೆ ಆ ಎತ್ತು. ಬಿಳಿ ಬಣ್ಣದ್ದು. ಅವರೊಬ್ಬರೇ ಕರೆದಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಆದರೆ ಜೊತೆಗಿದ್ದ ಅವರ ಹೆಂಡತಿ ದೇವಕಿಯಮ್ಮ ಫೋನ್ ಕಸಿದುಕೊಂಡರು. “ಬನ್ನಿ ಸ್ವಾಮಿ. ಇವರಿಗೆ ಬುದ್ಧಿ ಹೇಳಿ. ಇಲ್ಲದಿದ್ರೆ ನಾಳೆ ನಾನ್ ಹೋದ್ರೆ ಈ ಮನೆಗೆ ಯಾರೂ ಬಾದುಲೆ.” (ಅರೆಭಾಷೆಯಲ್ಲಿ ‘ಉಟ್ಟು’ ಎಂದರೆ ಇದೆ, ‘ಬಾದುಲೆ’ ಎಂದರೆ ಬರುವುದಿಲ್ಲ, ಕೊನೆಯ ‘ಲೆ’ ಎಂದರೆ ಇಲ್ಲ.)

ಹೋದೆ. ಹೋದ ಮೇಲೆ ವಿಷಯ ಪೂರ್ತಿ ಗೊತ್ತಾಯಿತು.

ಕುಶಾಲಪ್ಪನವರ ಮನೆಯ ಮೇಲಿನ ದಿಣ್ಣೆಯಲ್ಲಿ ಲೀಲಾ ಎಂಬ ಹೆಣ್ಣುಮಗಳ ಮನೆ. ಅವಳ ತಾಯಿ ಆರು ತಿಂಗಳಿನಿಂದ ಹಾಸಿಗೆ ಹಿಡಿದಿದ್ದಾರೆ. ಇವತ್ತೋ ನಾಳೆಯೋ ಎಂಬ ಸ್ಥಿತಿ. ಆ ಗುರುವಾರ ಲೀಲಾ ಪಕ್ಕದ ಎಸ್ಟೇಟಿನಲ್ಲಿ ಕೆಲಸದಲ್ಲಿದ್ದಳು. ಎರಡು ಗುಂಡು ಕೇಳಿತು, ತನ್ನ ಮನೆಯ ದಿಕ್ಕಿನಿಂದಲೇ. ಬೆಟ್ಟದ ಮಡಿಕೆಯಲ್ಲಿ ಸದ್ದು ಮೇಲಿನ ಮನೆಯದೋ ಕೆಳಗಿನದೋ ಯಾರಿಗೆ ತಿಳಿಯುತ್ತದೆ? ಅಮ್ಮ ಹೋದರು ಎಂದುಕೊಂಡು ಕಾಫಿ ಗಿಡಗಳ ನಡುವೆ ಬಿದ್ದೆನೋ ಎದ್ದೆನೋ ಎಂದು ಓಡಿದಳು. ಒದ್ದೆ ಮಣ್ಣಿನಲ್ಲಿ ಜಾರಿ ಚರಂಡಿಗೆ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆ ಕೈ ಹಿಡಿದುಕೊಂಡೇ ಮನೆ ಸೇರಿದರೆ, ತಾಯಿ ಹಾಸಿಗೆಯಲ್ಲಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದಾರೆ.

“ಯಾರು ಹೋದ್ದು ಮಗಾ?” ಎಂದು ತಾಯಿಯೇ ಇವಳನ್ನು ಕೇಳಿದರಂತೆ.

ಕಾಫಿ ಪಿಕ್ಕಿಂಗ್ ಹತ್ತಿರ ಬಂತು. ಬಲಗೈಗೆ ಪ್ಲಾಸ್ಟರ್. ಲೀಲಾ ದೂರು ಕೊಡಲಿಲ್ಲ, ಆದರೆ ಊರು ಸುಮ್ಮನಿರಲಿಲ್ಲ. ಊರಿನ ತಕ್ಕರು, ಎಂದರೆ ದೇವರ ಕೆಲಸಕ್ಕೂ ಊರ ಕಟ್ಟುಪಾಡಿಗೂ ಮುಂದೆ ನಿಲ್ಲುವ ಒಬ್ಬ ಹಿರಿಯರು, ಒಂದು ತೀರ್ಮಾನಕ್ಕೆ ಬಂದಿದ್ದರು. ಕುಶಾಲಪ್ಪ ದೇವರ ಮುಂದೆ ನಿಂತು ಮೂರು ಮಾತು ಹೇಳಬೇಕು: ‘ಯಾರೂ ಸತ್ತಿರಲಿಲ್ಲ. ಸುಮ್ಮನೆ ಗುಂಡು ಹಾರಿಸಿದೆ. ತಪ್ಪಾಯಿತು.’ ಹೇಳದಿದ್ದರೆ ಇನ್ನು ಮುಂದೆ ಆ ಮನೆಯ ಗುಂಡಿಗೆ ಊರು ಏಳುವುದಿಲ್ಲ.

ದೇವಕಿಯಮ್ಮನ ಭಯ ಈಗ ಅರ್ಥವಾಯಿತಲ್ಲ?

ನನಗೆ ಇದು ಸುಲಭದ ಕೇಸು ಎನಿಸಿತು. ಮೂರು ಮಾತು, ಮೂರು ಸೆಕೆಂಡು. ಮನೆಯ ಜಗಲಿಯಲ್ಲಿ ಕೂತು ಬುದ್ಧಿ ಹೇಳಿದೆ. “ಅಣ್ಣಾ, ಮಾತಿಗೆ ತೂಕ ಇಲ್ಲ. ಹೇಳಿ ಕೈ ತೊಳೆದುಕೊಳ್ಳಿ. ಒಳಗೆ ಏನು ಬೇಕಾದರೂ ಇಟ್ಟುಕೊಳ್ಳಿ.”

“ಲೀಲಂಗೆ ನೋವಾತ್. ಅದಕ್ಕೆ ನಾನ್ ಕಾಲಿಗೆ ಬೀಳ್ತೆ,” ಎಂದರು ಅವರು. “ತಪ್ಪಾತ್ ಅಂತ ನೂರು ಸಲ ಹೇಳ್ತೆ. ಆ ಮೊದಲ್ನೇ ಮಾತು ಬಾಯಿಗೆ ಬಾದುಲೆ.”

“ಯಾವುದು?”

“ಯಾರೂ ಸತ್ತಿತ್ಲೆ ಅನ್ನೋದು.”

“ನಿಮಗೆ ಗುಂಡು ಹಾರಿಸಬೇಕು ಅಂತ ಯಾಕನ್ನಿಸ್ತು?”

“ಅನ್ನಿಸಿಕೆ ಎಂಥ ಉಟ್ಟು? ಬೊಳ್ಳನ ಹಟ್ಟಿಂದ ಹೊರಗೆ ಬಂದೆ. ಕೈ ಕೋವಿಗೆ ಹೋತ್.”

ದೇವಕಿಯಮ್ಮ ಒಳಗಿನಿಂದ, “ಒಂದು ಹಾರ್ಸಿ ಸುಮ್ಮನಿರ್ಬೇಕಿತ್ತು. ಗಂಡು ಹುಟ್ಟಿದೆ ಅಂತ ಸಿಹಿ ಕೇಳಿಕೊಂಡು ಬರ್ತಿದ್ರು ಜನ. ಈ ಪ್ರಾಯಕ್ಕೆ ನಂಗೂ ಒಂದು ಹೆಸರಾಗ್ತಿತ್ತು,” ಎಂದರು. ಕುಶಾಲಪ್ಪ ನಗಲಿಲ್ಲ. ನನಗೂ ನಗು ಬಂದು ನಿಂತಿತು.

ಸಾಯುವಾಗ ಎತ್ತು ಏನು ಮಾಡಿತು ಎಂದು ಕೇಳಿದೆ. ಏನಾದರೂ ವಿಶೇಷ ನಡೆದಿದ್ದರೆ ಊರಿನ ಮುಂದೆ ವಾದಕ್ಕೆ ಅನುಕೂಲ. ಕಣ್ಣೀರು ಹಾಕಿತೆ, ಕೂಗಿತೆ? ಅವರು ನನ್ನನ್ನೇ ನೋಡಿದರು. “ಎಂಥ ಮಾಡಿಕೆ? ಎಲ್ಲರ ಹಾಂಗೆ. ಉಸಿರು ಬಿಡ್ತ್, ಮತ್ತೆ ತೆಗ್ದತ್ಲೆ.”

ಆಮೇಲೆ ಕೊಟ್ಟಿಗೆ ತೋರಿಸಿದರು.

ಹದಿನೆಂಟು ವರ್ಷದ ಹಿಂದೆ ನಾನು ಕೊಡಿಸಿದ್ದು ಜೋಡಿ. ಬೊಳ್ಳ ನೊಗದ ಎಡಕ್ಕೆ, ಕರಿಯ ಬಲಕ್ಕೆ. ಹತ್ತು ವರ್ಷ ಒಟ್ಟಿಗೆ ಉತ್ತವು. ಎಂಟು ವರ್ಷದ ಹಿಂದೆ ಕರಿಯ ಗದ್ದೆಯ ಬದುವಿನಿಂದ ಜಾರಿ ಬಿದ್ದು ಸತ್ತಿತು. ಆಮೇಲೆ ಟಿಲ್ಲರ್ ಬಂತು. (ಅದನ್ನೂ ನಾನೇ ಕೊಡಿಸಿದ್ದು.) ಬೊಳ್ಳನಿಗೆ ಕೆಲಸವಿಲ್ಲ, ಹಗ್ಗವೂ ಇಲ್ಲ. ಇಡೀ ಕೊಟ್ಟಿಗೆ ಅದೊಂದಕ್ಕೇ.

ಆ ನೆಲ ನೋಡಿದೆ. ಗೋದಲಿಯ ಮುಂದೆ ಎಡಭಾಗದ ಹಾಸುಗಲ್ಲು ಸವೆದು ತಗ್ಗಾಗಿತ್ತು, ನುಣುಪಾಗಿತ್ತು. ಬಲಭಾಗದ ಕಲ್ಲಿನ ಮೇಲೆ ಪಾಚಿ. ಎಂಟು ವರ್ಷದಲ್ಲಿ ಅಲ್ಲಿ ಒಂದು ಗೊರಸೂ ಬಿದ್ದಿರಲಿಲ್ಲ. ಹುಲ್ಲನ್ನು ಬಲಗಡೆ ಹಾಕಿದರೆ, ಬೊಳ್ಳ ಎಡಗಡೆಯಲ್ಲೇ ನಿಂತು ಕುತ್ತಿಗೆ ಚಾಚಿ ಎಟುಕಿದಷ್ಟು ತಿನ್ನುತ್ತಿತ್ತಂತೆ. ಉಳಿದದ್ದು ಹಾಗೇ. ಮಳೆಗಾಲದಲ್ಲಿ ಎಡಗಡೆ ಮಾಡು ಸೋರಿದರೂ ನೆನೆಯುತ್ತಾ ನಿಲ್ಲುತ್ತಿತ್ತೇ ಹೊರತು ಬಲಕ್ಕೆ ಸರಿಯುತ್ತಿರಲಿಲ್ಲ. ಕೊನೆಗೆ ಕುಶಾಲಪ್ಪನವರೇ ಮಾಡಿಗೆ ಶೀಟು ಹೊದಿಸಿದರು.

“ಈಗ ನೀವ್ ಹೇಳಿ,” ಎಂದರು. “ಇಲ್ಲಿ ನಿಂತು ಹೇಳಿ, ಇಲ್ಲಿ ಯಾರೂ ಇತ್ಲೆ ಅಂತ. ನೀವ್ ಹೇಳಿದ್ರೆ ನಾನೂ ಹೇಳ್ತೆ.”

ಪಾಚಿ ಹಿಡಿದ ಆ ಕಲ್ಲಿನ ಮೇಲೆ ಕಾಲಿಡದೆ, ಎಡಗಡೆಯಿಂದಲೇ ಬಳಸಿ ಹೊರಗೆ ಬಂದೆ.

ದೇವಸ್ಥಾನದ ಅಂಗಳದಲ್ಲಿ ಹತ್ತು ಗಂಟೆಗೆ ಊರು ಸೇರಿತ್ತು. ತಕ್ಕರು ನಾನಂದುಕೊಂಡ ಹಾಗೆ ಗದರಿಸುವ ಮನುಷ್ಯರಲ್ಲ. ಮೆಲ್ಲಗೆ ಮಾತಾಡುತ್ತಾರೆ, ಅದೇ ಕಷ್ಟ.

“ದಲ್ಲಾಳಿಗಳು ಬಂದಿದ್ದಾರೆ,” ಎಂದು ಜನರಿಗೆ ಹೇಳಿ ನನ್ನ ಕಡೆ ತಿರುಗಿದರು. “ನೋಡಿ, ಎತ್ತಿನ ಮೇಲೆ ನಮಗೆ ದ್ವೇಷ ಇಲ್ಲ. ನಾವೂ ಉತ್ತು ತಿಂದವರೇ. ಆದ್ರೆ ಗುಂಡು ಅಂದ್ರೆ ಮಾತು. ಇವತ್ತು ಎತ್ತಿಗೆ ಊರು ಓಡಿ ಬಂತು. ನಾಳೆ ನಾಯಿಗೆ, ನಾಡಿದ್ದು ಬೆಕ್ಕಿಗೆ. ಆಚೆ ದಿನ ನಿಜವಾಗಿ ಮನುಷ್ಯ ಸತ್ತಾಗ ಅರ್ಧ ಜನ ಮನೆಯಲ್ಲೇ ಕೂರ್ತಾರೆ. ಹೆಣ ಹೊರೋದು ಯಾರು?”

ಅವರ ಮಾತು ಸರಿಯಾಗಿಯೇ ಇತ್ತು.

ನಾನು ಕೊಟ್ಟಿಗೆಯ ನೆಲದ ವಿಷಯ ಹೇಳಿದೆ. ತಕ್ಕರು ತಲೆಯಾಡಿಸಿದರು. “ಅದು ಅಭ್ಯಾಸ. ಕರುವಿಂದ ಒಟ್ಟಿಗೆ ಬೆಳೆದ ಜೋಡಿ ಅಲ್ವಾ? ಒಂದೇ ಕೊಟ್ಟಿಗೆಯಲ್ಲಿ ಹುಟ್ಟಿದ್ದು. ನೀವೇ ಹಾಗೆ ಹೇಳಿ ಮಾರಿದ್ದಂತೆ. ರಕ್ತದಲ್ಲೇ ಬಂದ ಅಭ್ಯಾಸಕ್ಕೆ ಆತ್ಮ ಗೀತ್ಮ ಅಂತ ಹೆಸರಿಡೋದು ಬೇಡ.”

ಅಂಗಳ ನನ್ನನ್ನೇ ನೋಡುತ್ತಿತ್ತು. ಇಲ್ಲಿ ನಾನು ಸುಮ್ಮನಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಒಂದು ಹಳೇ ಮಾತು, ಹದಿನೆಂಟು ವರ್ಷದ ಹಿಂದಿನದು, ಯಾರು ಕೆದಕುತ್ತಾರೆ?

“ಆ ಮಾತು ಸುಳ್ಳು,” ಎಂದೆ.

ಹೌದು, ಸುಳ್ಳು. ಬೊಳ್ಳನನ್ನು ಒಂದು ಕಡೆಯಿಂದ ತಂದಿದ್ದೆ, ಕರಿಯನನ್ನು ಇನ್ನೊಂದು ಕಡೆಯಿಂದ. ಎತ್ತರ ಸರಿಹೊಂದಿತು, ಹಲ್ಲು ಸರಿಹೊಂದಿತು. ಸಂತೆಯ ದಿನ ಬೆಳಗ್ಗೆ ಒಂದೇ ಗೂಟಕ್ಕೆ ಕಟ್ಟಿ, ಎರಡಕ್ಕೂ ಒಂದೇ ಬಣ್ಣದ ಹಗ್ಗ ಹಾಕಿದೆ. ಒಂದೇ ಕೊಟ್ಟಿಗೆಯಲ್ಲಿ ಬೆಳೆದ ಜೋಡಿ ಎಂದರೆ ಬೇಗ ಹೋಗುತ್ತದೆ. ಕುಶಾಲಪ್ಪನವರು ಬಂದು ನೋಡುವ ಹೊತ್ತಿಗೆ ಆ ಎರಡರ ಪರಿಚಯ ನಾಲ್ಕು ಗಂಟೆಯದು.

ಇದನ್ನು ಊರಿನ ಮುಂದೆ, ದೇವರ ಮುಂದೆ, ಕೊಂಡವರ ಮುಂದೆ ಹೇಳಿದೆ. ಹೇಳಿ ಕುಶಾಲಪ್ಪನವರ ಮುಖ ನೋಡಲು ಧೈರ್ಯವಾಗಲಿಲ್ಲ.

“ಗೊತ್ತಿತ್ತ್,” ಎಂದರು ಅವರು.

“ಏನು?”

“ಮೊದಲ್ನೇ ದಿನ ಗದ್ದೆಗೆ ಇಳಿಸಿ ‘ಹೋ’ ಅಂದೆ. ಒಂದು ನಿಂತತ್, ಇನ್ನೊಂದು ಹೊರಟತ್. ಒಂದೇ ಮನೆಯವಾದ್ರೆ ಒಂದೇ ಭಾಷೆ ಇರ್ತಿತ್ತ್. ಸರಿ ಮಾಡಿಕೆ ನಂಗೆ ಒಂದು ಮಳೆಗಾಲ ಬೇಕಾತ್.”

ಜನ ನಕ್ಕರು. ತಕ್ಕರ ಮೀಸೆಯೂ ಸ್ವಲ್ಪ ಅಲುಗಿತು. ಇಷ್ಟು ವರ್ಷ ಆ ಮನುಷ್ಯ ನನ್ನ ಸುಳ್ಳನ್ನು ಇಟ್ಟುಕೊಂಡಿದ್ದರು, ಒಮ್ಮೆಯೂ ಎತ್ತಿ ಆಡಿರಲಿಲ್ಲ.

ನಗು ಇಳಿದ ಮೇಲೆ ನಾನು ಹೇಳಿದ್ದು ಇಷ್ಟು. ತಕ್ಕರೇ, ಬೊಳ್ಳನ ಒಳಗೆ ಆತ್ಮ ಇತ್ತು ಎಂದು ಪ್ರಮಾಣ ಮಾಡಲು ನನ್ನಿಂದಾಗದು. ನಾನು ಹಲ್ಲು ನೋಡುವವನು, ಅಷ್ಟು ಆಳಕ್ಕೆ ನೋಡಿದವನಲ್ಲ. ಆದರೆ ರಕ್ತದ ಸಂಬಂಧವಿಲ್ಲದ, ಸಂತೆಯಲ್ಲಿ ಸಿಕ್ಕಿದ ಒಂದು ಜೊತೆ. ಅದು ಸತ್ತ ಮೇಲೂ ಎಂಟು ವರ್ಷ, ನೊಗವಿಲ್ಲ, ಹಗ್ಗವಿಲ್ಲ, ಹೊಡೆಯುವವರಿಲ್ಲ, ಆದರೂ ಅದರ ಜಾಗವನ್ನು ಈ ಎತ್ತು ಬಿಟ್ಟುಕೊಟ್ಟಿತು. ಇಲ್ಲದವರಿಗೆ ಜಾಗ ಬಿಡುವುದನ್ನು ನಾವೂ ಮಾಡುತ್ತೇವೆ. ವರ್ಷಕ್ಕೊಮ್ಮೆ ಕಾರಣರಿಗೆ, ನಮ್ಮ ಹೋದ ಹಿರಿಯರಿಗೆ, ಎಲೆ ಹಾಕಿ ಎಡೆ ಇಡುವುದು ಯಾತಕ್ಕೆ? ಅವರು ಎಲ್ಲೋ ಇದ್ದಾರೆ ಎಂದು. ಬೊಳ್ಳನಿಗೆ ಆತ್ಮ ಇತ್ತೋ ಇಲ್ಲವೋ, ಕರಿಯನಿಗೆ ಇದೆ ಎಂದು ಅದು ನಂಬಿದ ಹಾಗಿತ್ತು.

ತಕ್ಕರು ಹೆಂಗಸರ ಸಾಲಿನ ಕಡೆ ತಿರುಗಿದರು. “ಲೀಲಾ ಹೇಳಲಿ. ಪೆಟ್ಟು ತಿಂದವಳು ಅವಳು,” ಎಂದರು.

ಲೀಲಾ ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದಳು. ಬಟ್ಟೆಯ ಜೋಲಿಯಲ್ಲಿ ಕೈ ಕುತ್ತಿಗೆಯಿಂದ ತೂಗುತ್ತಿತ್ತು. ಎದ್ದಳು.

“ಮಾವ ‘ಯಾರೂ ಸತ್ತಿತ್ಲೆ’ ಅಂತ ಹೇಳೋದು ನಂಗೆ ಬೇಡ,” ಎಂದಳು.

“ಯಾಕೆ ಮಗಳೇ?”

“ಯಾರೂ ಸತ್ತಿತ್ಲೆ ಅಂತಾದ್ರೆ ನಾನು ಸುಳ್ಳಿಗೆ ಬಿದ್ದ ಹಾಂಗೆ. ಈ ಕೈ ಸುಳ್ಳಿಗೆ ಮುರಿದ ಹಾಂಗೆ. ಸಾವಿಗೆ ಓಡಿ ಬಿದ್ದೆ ಅಂತಾದ್ರೂ ಇರ್ಲಿ.” ಕುಶಾಲಪ್ಪನವರ ಕಡೆ ತಿರುಗಿದಳು. “ಆದ್ರೆ ಮಾವ, ಆ ದಾರೀಲಿ ನಾನು ಅಮ್ಮನ್ನ ಒಂದು ಸಲ ಸುಟ್ಟು ಬಂದೆ ಮನಸಲ್ಲಿ. ಅದು ನಿಮ್ಗೆ ಗೊತ್ತಿರ್ಲಿ.”

ಕುಶಾಲಪ್ಪ ಅವಳ ಕಾಲಿಗೆ ಬಗ್ಗಿದರು. ಅವಳು ಎಡಗೈಯಲ್ಲಿ ಅವರ ಭುಜ ಹಿಡಿದು ತಡೆದಳು. ಆ ಹೊತ್ತಿನಲ್ಲಿ ದೇವಕಿಯಮ್ಮ ಅತ್ತರು. ಅವತ್ತು ಅತ್ತವರು ಅವರೊಬ್ಬರೇ.

ಇನ್ನು ಉಳಿದದ್ದು ನನ್ನ ಕೆಲಸ. ಎರಡು ಕಡೆಯವರಿಗೂ ಒಂದೊಂದು ಬೆರಳು ಬಿಟ್ಟುಕೊಡಿಸುವುದು. ತಕ್ಕರ ಪಕ್ಕ ಕೂತೆ, ಕುಶಾಲಪ್ಪನವರ ಹತ್ತಿರ ಹೋದೆ, ಮತ್ತೆ ತಕ್ಕರ ಹತ್ತಿರ ಬಂದೆ. ಕೊನೆಗೆ ಒಂದು ಮಾತು ಕುದುರಿತು. ದೇವರ ಮುಂದೆ ನಿಂತು ಕುಶಾಲಪ್ಪ ಹೇಳಿದರು: “ನಮ್ಮ ಮನೆಯಲ್ಲಿ ಸಾವಾಗಿತ್ತು. ಊರನ್ನು ಕೇಳದೆ ಎರಡು ಗುಂಡು ಹಾರಿಸಿದೆ. ಲೀಲಾಳಿಗೆ ನೋವಾಯಿತು. ಅದು ನನ್ನ ತಪ್ಪು. ಇನ್ನು ಮನುಷ್ಯರ ಸಾವಿಗಲ್ಲದೆ ಎರಡು ಗುಂಡು ಹಾರಿಸುವುದಿಲ್ಲ.”

ತಕ್ಕರು ತೀರ್ಥ ಕೊಡಿಸಿದರು. ಆ ಮನೆಯ ಗುಂಡಿಗೆ ಊರು ಏಳುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ದೇವಕಿಯಮ್ಮನ ಕಡೆ ನೋಡಿ, “ಅವಸರ ಮಾಡ್ಬೇಡ ಅಕ್ಕಾ,” ಎಂದರು. ಹೊರಡುವಾಗ ನನ್ನ ಹೆಗಲು ಮುಟ್ಟಿದರು.

“ಬುದ್ಧಿವಂತರು ನೀವು. ‘ಸಾವಾಗಿತ್ತು’ ಅಂತ ಹೇಳಿಸಿ ‘ಯಾರು’ ಅನ್ನೋದನ್ನ ಹಾರಿಸಿಬಿಟ್ರಿ.”

“ಹೌದು ತಕ್ಕರೇ.”

“ಹಾರಿಸಿದ್ರೆ ಹೋಗ್ತದಾ ಅದು?”

ಹೋಗುವುದಿಲ್ಲ. ಅದಕ್ಕೇ ಈ ವಾರ ನಿಮಗೆ ಜೀಪಿನ ಗೇರ್‌ಬಾಕ್ಸ್ ಬಗ್ಗೆ ಬರೆಯಬೇಕಿದ್ದವನು ಇದನ್ನು ಬರೆಯುತ್ತಿದ್ದೇನೆ.

ನಾನು ಕೇಳಿದವರೆಲ್ಲ ಒಂದೊಂದು ಹೇಳಿದರು. ನಮ್ಮ ಪಶು ವೈದ್ಯರು, ಪ್ರಾಣಿಗೂ ನೋವಿದೆ, ನೆನಪಿದೆ, ಆದರೆ ಆತ್ಮ ಸ್ಕ್ಯಾನಿಂಗಿನಲ್ಲಿ ಕಾಣಿಸುವುದಿಲ್ಲ ಎಂದರು. ಮನುಷ್ಯರದ್ದು ಕಾಣಿಸುತ್ತದೆಯೆ ಎಂದೆ. ಅದೂ ಇಲ್ಲ ಎಂದು ನಕ್ಕರು. ಪರಿಚಯದ ಅರ್ಚಕರು, ಎಲ್ಲ ಜೀವದಲ್ಲೂ ಇರುವುದು ಒಂದೇ ಆತ್ಮ ಎಂದರು. ಹಾಗಾದರೆ ಎತ್ತಿಗೆ ತಿಥಿ ಮಾಡಿಸಿ ಕೊಡುತ್ತೀರಾ ಎಂದೆ. ಅದು ಹಾಗಲ್ಲ ಎಂದರು.

ನಮ್ಮ ಭಾಷೆ ಮಾತ್ರ ಯಾವಾಗಲೋ ತೀರ್ಮಾನ ಮಾಡಿ ಕೂತಿದೆ. ಮನುಷ್ಯರಾದರೆ ಯಾರು, ಪ್ರಾಣಿಯಾದರೆ ಯಾವುದು. ಮನುಷ್ಯರಾದರೆ ತೀರಿಕೊಂಡರು, ಪ್ರಾಣಿಯಾದರೆ ಸತ್ತಿತು. ಈ ಬೇಲಿ ನಮಗೆ ಅನುಕೂಲ. ಬೇಲಿ ಇಲ್ಲದಿದ್ದರೆ ನಾನು ಒಂದು ಸಂತೆಯನ್ನೂ ದಾಟುತ್ತಿರಲಿಲ್ಲ. ಗದ್ದೆ ಉಳುವುದು, ಹಾಲು ಕರೆಯುವುದು, ಮಾಂಸ ತಿನ್ನುವುದು ಎಲ್ಲವೂ ಆ ಒಂದು ಪದದ ಮೇಲೆ ನಿಂತಿದೆ. ಅದನ್ನು ಕಿತ್ತುಹಾಕಿ ಎಂದು ಹೇಳುವಷ್ಟು ದೊಡ್ಡವನು ನಾನಲ್ಲ. ನಾನೂ ಕಿತ್ತುಹಾಕಿಲ್ಲ. ಈ ಬರಹದಲ್ಲೇ ನೋಡಿ, ಕುಶಾಲಪ್ಪನವರು ‘ಅವ’ ಎಂದದ್ದನ್ನು ನಾನು ಉದ್ದಕ್ಕೂ ‘ಅದು’ ಎಂದೇ ಬರೆದಿದ್ದೇನೆ.

ಆದರೂ ಒಂದು ಸಲಹೆ ಕೊಡುತ್ತೇನೆ, ಅಭ್ಯಾಸ ಬಿಡದು. ನಿಮ್ಮ ಮನೆಯ ಮೂಕ ಜೀವ ಹೋದಾಗ, ‘ಅಯ್ಯೋ, ದನ ತಾನೇ, ಬೇರೆ ಕೊಂಡರಾಯಿತು’ ಎಂದು ಯಾರಾದರೂ ನನ್ನಂಥವನು ಸಮಾಧಾನ ಹೇಳಲು ಬಂದರೆ, ಕೊಟ್ಟಿಗೆಗೆ ಕರೆದುಕೊಂಡು ಹೋಗಿ ನೆಲ ತೋರಿಸಿ. ವಾದ ಮಾಡಬೇಡಿ. ನೆಲ ನೋಡಿದ ಮೇಲೆ ಅವನೇ ಮಾತಾಡಲಿ.

ಕುಶಾಲನಗರಕ್ಕೆ ವಾಪಸು ಬರುವಾಗ ಜೀಪಿನಲ್ಲಿ ಒಬ್ಬನೇ ಲೆಕ್ಕ ಹಾಕುತ್ತಾ ಬಂದೆ. ಇಪ್ಪತ್ತು ವರ್ಷ, ವಾರಕ್ಕೊಂದು ಸಂತೆ, ಈ ಕೈಯಿಂದ ಆ ಕೈಗೆ ದಾಟಿಸಿದವು, ಜೋಡಿ ಮಾಡಿದವು, ಜೋಡಿ ಒಡೆದವು. ಎಷ್ಟು ಎಂದು ಕೇಳಿದರೆ ಅಂದಾಜು ಹೇಳಿಯೇನು.

ಎಷ್ಟು ಜನ ಎಂದು ಕೇಳಿದರೆ?